ಹೊಳಿಯವ್ವನ ಕೆಂಪು ನೊಣ

“ಫ್ಲೈ ಫಿಶಿಂಗಾ? ಏನವಾ ಅದು?” ಎಂದು ಕೇಳಿದರು ಸುರೇಖಾ ಮಿಸ್.

ಸಂಡೇ ಏನು ಮಾಡಿದಿರಿ ಎಂದು ಅವರು ಐದನೇ ಕ್ಲಾಸಿನ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತಿದ್ದರು. ಅಪ್ಪನ ಜೊತೆ ಫ್ಲೈ ಫಿಶಿಂಗಿಗೆ ಹೋಗಿದ್ದೆ ಎಂದು ಹೊಳಿಯವ್ವ ಎದೆಯುಬ್ಬಿಸಿ ಹೇಳಿದ್ದಳು. ಅದೇನೆಂದು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ವೀರೇಂದ್ರ ಎದ್ದು ನಿಂತ.

“ಫ್ಲೈ ಅಂದ್ರ ನೊಣ ಅಲ್ರಿ ಮಿಸ್? ಇವರಪ್ಪ ಅಂಗಡ್ಯಾಗೂ ದಿನಾ ನೊಣಾನ ಹೊಡೀತಾನ್ರಿ!”

ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಏ, ಸುಮ್ನಿರ್ರಿ!” ಎಂದು ಮಿಸ್ ಗದರಿಸಿದರು. ಆದರೆ ಅವರಿಗೂ ಚೂರು ನಗು ಬಂದಿತ್ತು. ಹೊಳಿಯವ್ವ ಅದನ್ನು ನೋಡಿಬಿಟ್ಟಳು.

ಅವನು ಹೇಳಿದ್ದು ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಅವಳ ಅಪ್ಪ ಮೈಲೇಶ ರಾಣೆಬೆನ್ನೂರಿನಲ್ಲಿ ಟೇಲರ್. ಎದುರಿಗೇ ವೀರೇಂದ್ರನ ಅಪ್ಪ ರೆಡಿಮೇಡ್ ಬಟ್ಟೆಯ ಅಂಗಡಿ ಹಾಕಿದ ಮೇಲೆ, ಅಪ್ಪನ ಹೊಲಿಗೆ ಮಷೀನಿಗೆ ಮಧ್ಯಾಹ್ನವೆಲ್ಲ ರಜೆ. ಆ ಹೊತ್ತಿನಲ್ಲಿ ಅಪ್ಪ ತಲೆ ಬಗ್ಗಿಸಿ ಕೂತು, ಪುಟ್ಟ ಗಾಳಕ್ಕೆ ಕೋಳಿಪುಕ್ಕ, ಬಣ್ಣದ ದಾರ ಸುತ್ತಿ ನೊಣ ಮಾಡುತ್ತಿದ್ದ. ಫೋನಿನಲ್ಲಿ ವಿಡಿಯೋ ನೋಡಿ ಹಚ್ಚಿಕೊಂಡ ಹುಚ್ಚು ಅದು. ಎರೆಹುಳ ಬೇಡ, ಹಿಟ್ಟಿನ ಉಂಡೆ ಬೇಡ. ಪುಕ್ಕದ ನೊಣವನ್ನೇ ನಿಜವೆಂದು ನಂಬಿ ಮೀನು ಬಾಯಿ ಹಾಕಬೇಕು. ಸಿಕ್ಕ ಮೀನನ್ನು ಮತ್ತೆ ಹೊಳೆಗೇ ಬಿಡುವುದು.

ಅವತ್ತಿನಿಂದ ಹೊಳಿಯವ್ವ ಅಪ್ಪನ ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟಳು. ಶಾಲೆ ಬಿಟ್ಟ ಕೂಡಲೇ ಹಿಂದಿನ ಓಣಿ ಹಿಡಿದು ಮನೆ ಸೇರುತ್ತಿದ್ದಳು.

ಶನಿವಾರ ಅಪ್ಪನೇ ಕೇಳಿದ. “ಯಾಕವ್ವಾ, ಅಂಗಡಿ ಕಡೆ ಬರವಲ್ಲಿ? ನಾಳೆ ಹೊಳಿಗೆ ಹೋಗೋದೈತಿ, ಗೊತ್ತಿಲ್ಲೇನು?”

“ನಾ ಬರೂದಿಲ್ಲ. ನೀನೂ ಹೋಗಬ್ಯಾಡ,” ಎಂದವಳೇ ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟಳು.

ಅಪ್ಪ ಅವಳ ಕಣ್ಣೀರು ಒರೆಸಿದ. ಆಮೇಲೆ ಮೀಸೆಯಲ್ಲೇ ನಕ್ಕ.

“ಹುಡುಗ ಖರೇನ ಹೇಳ್ಯಾನ. ಆದ್ರ ಒಂದ ತಪ್ಪ ಮಾಡ್ಯಾನ. ಗಿರಾಕಿ ಇಲ್ಲದಾಗ ಮಂದಿ ನೊಣ ಹೊಡೀತಾರ. ನಾ ನೊಣ ಕಟ್ತೇನಿ! ಬಾ ಇಲ್ಲಿ, ನೀನೂ ಒಂದ ಕಟ್ಟಿ ನೋಡು.”

ಯಾರದೋ ಜಂಪರ್ ಹೊಲಿದು ಉಳಿದಿದ್ದ ಕೆಂಪು ದಾರ ಸಿಕ್ಕಿತು. ಬ್ಯಾಡಗಿ ಮೆಣಸಿನಕಾಯಿಯಂಥ ಕೆಂಪು. ಹೊಳಿಯವ್ವ ಸುತ್ತಿದಳು, ಬಿಚ್ಚಿತು. ಮತ್ತೆ ಸುತ್ತಿದಳು, ಬೆರಳಿಗೆ ಚುಚ್ಚಿತು. ಮೂರನೇ ಸಲ ನೊಣ ಏನೋ ಆಯಿತು, ಆದರೆ ಒಂದು ರೆಕ್ಕೆ ಜೋತುಬಿದ್ದಿತ್ತು.

“ಸೊಟ್ಟ ಆಗೇತಪ್ಪಾ.”

“ಆಗ್ಲಿ ಬಿಡು. ಖರೇ ನೊಣ ಏನ್ ಇಸ್ತ್ರಿ ಮಾಡಿಸ್ಕೊಂಡು ಬರ್ತಾವೇನು?”

ಹೊಳಿಯವ್ವನಿಗೆ ನಗು ತಡೆಯಲಾಗಲಿಲ್ಲ. ಅವಳ ತಲೆಯಲ್ಲಿ ಒಂದು ಪ್ಲ್ಯಾನೂ ಹುಟ್ಟಿತು. ದೊಡ್ಡ ಮೀನೊಂದು ಸಿಗಲಿ, ಫೋಟೋ ಹೊಡೆದು ವೀರೇಂದ್ರನ ಮೂಗಿಗೇ ಹಿಡಿಯುತ್ತೇನೆ!

ಡಿಸೆಂಬರ್ ತಿಂಗಳು. ಮರುದಿನ ಬೆಳಿಗ್ಗೆ ಅಪ್ಪನ ಸ್ಕೂಟರ್ ಹಲಗೇರಿ ಊರು ದಾಟುವಾಗ ಸ್ವೆಟರಿನೊಳಗೂ ಚಳಿ ನುಗ್ಗುತ್ತಿತ್ತು. ಹೊಳೆಯ ನೀರು ಮುಟ್ಟಿದರೆ ಕೈ ಸೆಟೆಯುವಷ್ಟು ತಣ್ಣಗಿತ್ತು.

“ಚಳಿಗೆ ಮೀನ ತಳದಾಗ ಕುಂತಿರ್ತಾವು. ಬಿಸಲ ಏರಲಿ,” ಎಂದ ಅಪ್ಪ. ಇಬ್ಬರೂ ಡಬ್ಬಿ ಬಿಚ್ಚಿ ಅವಲಕ್ಕಿ ತಿಂದರು.

ಬಿಸಿಲೇರಿತು. ಅಪ್ಪ ಕೋಲು ಬೀಸಿದ. ದಾರ ಅವನ ತಲೆಯ ಮೇಲೆ ಹಿಂದಕ್ಕೆ ಹೋಗಿ, ಮುಂದಕ್ಕೆ ಬಂದು, ಸದ್ದಿಲ್ಲದೆ ನೀರಿಗಿಳಿಯಿತು. ಅಂಗಡಿಯಲ್ಲಿ ಬಾಗಿಯೇ ಇರುವ ಅಪ್ಪನ ಬೆನ್ನು ಇಲ್ಲಿ ನೆಟ್ಟಗಿತ್ತು. ಹೊಳಿಯವ್ವ ಅದನ್ನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ.

ಅಪ್ಪನ ಮೂರು ಚೆಂದದ ನೊಣಗಳನ್ನು ಮೀನುಗಳು ಮೂಸಿಯೂ ನೋಡಲಿಲ್ಲ. ಕೊನೆಗೆ ಅಪ್ಪ ಕೆಂಪು ನೊಣವನ್ನು ದಾರಕ್ಕೆ ಕಟ್ಟಿ, ಕೋಲನ್ನು ಅವಳ ಕೈಗಿಟ್ಟ. ಒಮ್ಮೆ ಬೀಸಿದಳು, ಏನೂ ಇಲ್ಲ. ಐದನೇ ಸಲ ಬೀಸಿದಾಗ ನೀರು ‘ಗುಳಕ್’ ಎಂದಿತು!

“ಅಪ್ಪಾ! ಜಗ್ಗಾಕತ್ತೈತಿ!”

“ಲಗೂ ಮಾಡಬ್ಯಾಡ. ಅದು ಜಗ್ಗಿದಾಗ ಬಿಡು, ಸುಮ್ನಾದಾಗ ಎಳಿ!”

ತೋಳು ಸೋತುಹೋಗುವ ಹೊತ್ತಿಗೆ ಮೀನು ದಡದ ಹತ್ತಿರ ಬಂತು. ಹೊಳಿಯವ್ವನ ಮೊಳಕೈ ಉದ್ದ, ಮೈತುಂಬ ಬೆಳ್ಳಿ ಬಣ್ಣ. ಅಪ್ಪ ಮೆಲ್ಲಗೆ ಗಾಳ ಬಿಡಿಸಿ, ಮೀನನ್ನು ನೀರಲ್ಲೇ ಹಿಡಿದುಕೊಂಡ.

“ಅಪ್ಪಾ, ಫೋನ್! ಫೋಟೋ!”

“ಸ್ಕೂಟರ್ ಡಿಕ್ಕ್ಯಾಗೈತಿ. ಓಡಿ ತಾ, ಎತ್ತಿ ತೋರಿಸ್ತೇನಿ.”

ಸ್ಕೂಟರ್ ದೂರದ ದಿಬ್ಬದ ಮೇಲಿತ್ತು. ಹೊಳಿಯವ್ವ ನಾಲ್ಕು ಹೆಜ್ಜೆ ಓಡಿ, ತಿರುಗಿ ನೋಡಿದಳು. ಮೀನಿಗೆ ಬಹಳ ದಣಿವಾಗಿತ್ತು. ಕಿವಿರು ಪಟಪಟನೆ ಬಡಿದುಕೊಳ್ಳುತ್ತಿತ್ತು.

“ಅಲ್ಲೀತನಕ ತಡ್ಕೊಂತೈತೇನಪ್ಪಾ?”

“ಗೊತ್ತಿಲ್ಲವ್ವಾ. ನಿನ್ನ ಮೀನು. ನೀನ ಹೇಳು.”

ಹೊಳಿಯವ್ವನಿಗೆ ವೀರೇಂದ್ರನ ಮುಖ ನೆನಪಾಯಿತು. ಇಡೀ ಕ್ಲಾಸಿನ ನಗುವೂ ನೆನಪಾಯಿತು. ಅವಳು ವಾಪಸು ಬಂದು ತಣ್ಣನೆಯ ನೀರಿಗೆ ಕೈಯಿಟ್ಟಳು.

“ಬಿಡಪ್ಪಾ,” ಎಂದಳು.

ಮೀನು ಅವಳ ಅಂಗೈಯಲ್ಲಿ ಒಂದು ಗಳಿಗೆ ನಿಂತು, ಬಾಲ ಬೀಸಿ ಹೋಯಿತು. ಅಪ್ಪ ಅವಳ ಒದ್ದೆ ಕೈಗಳನ್ನು ತನ್ನ ಟವೆಲಿನಿಂದ ಒರೆಸಿದ. ಅವಳಿಗೆ ಚಳಿಯೇ ಅನಿಸಲಿಲ್ಲ.

ಸೋಮವಾರ ವೀರೇಂದ್ರ ಕಾದುಕೊಂಡೇ ಇದ್ದ. “ಎಷ್ಟ ನೊಣ ಹೊಡದ್ರಿ?”

“ಹೊಡೀಲಿಲ್ಲ, ಕಟ್ಟಿದ್ವಿ. ಇದು ನಾ ಕಟ್ಟಿದ್ದು,” ಎಂದು ಹೊಳಿಯವ್ವ ಕಂಪಾಸ್ ಬಾಕ್ಸ್ ತೆರೆದಳು. ರಬ್ಬರಿಗೆ ಚುಚ್ಚಿದ್ದ ಕೆಂಪು ನೊಣ ಕಿಟಕಿಯ ಗಾಳಿಗೆ ಅಲುಗಾಡಿತು. ವೀರೇಂದ್ರ ಗಕ್ಕನೆ ಹಿಂದೆ ಸರಿದ.

“ಏ, ಜೀವ ಐತೇನ ಇದಕ್ಕ?”

“ಮೀನೂ ಹಂಗ ಅನ್ಕೊಂಡಿತ್ತು,” ಎಂದಳು ಹೊಳಿಯವ್ವ. ಮೀನು ಎಷ್ಟು ದೊಡ್ಡದಿತ್ತೆಂದು ಅವನು ಕೇಳಲಿಲ್ಲ. ಅವಳಿಗೂ ಹೇಳಬೇಕೆನಿಸಲಿಲ್ಲ.

ಸಂಜೆ ಅವಳು ಹಿಂದಿನ ಓಣಿ ಹಿಡಿಯಲಿಲ್ಲ. ನಡುರಸ್ತೆಯಲ್ಲೇ ಬಂದಳು. ಎದುರಿನ ರೆಡಿಮೇಡ್ ಅಂಗಡಿಯ ತುಂಬ ಜನ. ಅಪ್ಪನ ಅಂಗಡಿಯಲ್ಲಿ ಅಪ್ಪ ಒಬ್ಬನೇ, ತಲೆ ಬಗ್ಗಿಸಿಕೊಂಡು ಕೂತಿದ್ದ.

ಹೊಳಿಯವ್ವ ಎಲ್ಲರಿಗೂ ಕಾಣುವ ಹಾಗೆ ಸ್ಟೂಲನ್ನು ಬಾಗಿಲಿಗೇ ಎಳೆದು ಕೂತಳು.

“ಅಪ್ಪಾ,” ಎಂದಳು ಗಟ್ಟಿಯಾಗಿ, “ಕೆಂಪು ದಾರ ಕೊಡು. ಇನ್ನೊಂದು ನೊಣ ಕಟ್ತೇನಿ.”