ಕಡಲ ಕಡೆಯ ಹಾವುಮೀನು

"ಕೈ ತೆಗಿ!"

ರೊಟಿಯಾಳ ದನಿಗೆ ಬ್ವೆನಾವಾ ಬೆಚ್ಚಿಬಿದ್ದ. ಅವಳ ಅಪ್ಪನ ಮೀನು ಹಿಡಿಯುವ ಬೋನಿನಿಂದ ಅವನು ಕೈ ಹೊರತೆಗೆದಾಗ ಬೆರಳುಗಳಿಂದ ರಕ್ತ ಸೋರುತ್ತಿತ್ತು.

"ಇಡೀ ಅಬಯಾಂಗ್ ದ್ವೀಪದಲ್ಲಿ ನಿನಗೆ ನಮ್ಮ ಬೋನೇ ಸಿಕ್ತಾ?"

ಅವನು ಬೋನಿನ ಬಾಯಿ ಮುಚ್ಚಿದ.

ಅವಳಿಗೆ ಮೊದಲಿಂದಲೂ ಇವನ ಮೇಲೇ ಅನುಮಾನ. ದ್ವೀಪದ ನಡುವಿನ ಹಿನ್ನೀರಿನಲ್ಲಿ ಬೋನಿನ ಮೇಲೆ ತಾನು ಜೋಡಿಸಿಟ್ಟ ಕಲ್ಲುಗಳು ಬೆಳಗಾದರೆ ಬೇರೆ ಥರ ಇರುತ್ತಿದ್ದವು. ಊರವರು ಸೇರುವ ಸಭಾಮನೆಯಲ್ಲಿ ಇವನು ಕಣ್ಣು ತಪ್ಪಿಸುತ್ತಿದ್ದ. ಹಾಳಾದ್ದು, ಆ ಕಣ್ಣುಗಳನ್ನೇ ಅವಳು ಹುಡುಕುತ್ತಿದ್ದಳು!

ಬೋನಿನೊಳಗೆ ತೊಡೆ ದಪ್ಪದ ಹಾವುಮೀನು, ಕಚ್ಚುವಂತೆ ಕಂಡರೂ, ಉಸಿರಾಡಲೆಂದು ಬಾಯಿ ತೆರೆದು ಮುಚ್ಚುತ್ತಿತ್ತು. 'ಇದೊಂದು ಉಳಿದಿದೆ... ಇನ್ನೆಷ್ಟು ಒಯ್ದಿದ್ದಾನೋ!'

"ನಡಿ ಅಪ್ಪನ ಹತ್ರ. ಬೇರೆಯವರ ಬೋನಿಗೆ ಕೈ ಹಾಕಿದವನಿಗೆ ಸಭಾಮನೇಲಿ ಕೂರೋ ಜಾಗ ಹೋಗುತ್ತೆ, ಗೊತ್ತು ತಾನೆ?"

"ಗೊತ್ತು" ಎಂದು ಅವನೇ ಬೋನು ಹೊತ್ತ. ಕಳ್ಳನೊಬ್ಬ ಇಷ್ಟು ಸುಲಭಕ್ಕೆ ಬರುತ್ತಾನೆಯೇ? ಅವಳಿಗೆ ಅದೂ ಅನುಮಾನವೇ.

ಅವಳ ಅಪ್ಪ, ಮುದುಕ ಟೆಕೀ, ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಹೋದ ಮಳೆಗಾಲದಲ್ಲಿ ಬೋನು ಬರಿದಾಗಿ, ಕೈಗುಣ ಹೋಯಿತೆಂದು ಊಟ ಬಿಟ್ಟಿದ್ದವನು. ಈಗೀಗ ಮೀನು ಬೀಳತೊಡಗಿ ಮತ್ತೆ ನಗುತ್ತಿದ್ದ.

"ಅಪ್ಪಾ, ಕಳ್ಳನನ್ನ ಹಿಡಿದೆ."

ಟೆಕೀ ಬೋನಿನೊಳಗೆ ಇಣುಕಿದ. "ಮೈ ತುಂಬಾ ಚುಕ್ಕಿ. ನಮ್ಮ ಹಿನ್ನೀರಿನದು ಕಂದು, ತೆಳ್ಳಗೆ ಇರುತ್ತಲ್ವೇನೇ?"

"ಹೂಂ..."

"ಚುಕ್ಕಿಯದು ಇರೋದು ಕಡಲ ಕಡೆ, ಅಲೆ ಒಡೆಯೋ ಬಂಡೆ ಪೊಟರೇಲಿ. ಪೊಟರೆ ಬಿಟ್ಟು ಕದಲೋ ಜಾತಿಯಲ್ಲ. ತೆಂಗಿನ ತೋಪು ದಾಟಿ ನನ್ನ ಬೋನಿಗೆ ನಡ್ಕೊಂಡು ಬಂತಾ?"

ರೊಟಿಯಾ ಅವನ ಕೈ ನೋಡಿದಳು. ಇವನು ಮೀನು ತೆಗೆಯುತ್ತಿರಲಿಲ್ಲ... ತಂದು ಇಡುತ್ತಿದ್ದ!

"ನಿಮಗೆ ಗೊತ್ತಿತ್ತಾ?" ಬ್ವೆನಾವಾ ತಲೆ ತಗ್ಗಿಸಿದ.

"ಮೊದಲ ಮೀನಿಗೇ ಗೊತ್ತಾಯ್ತು. ರುಚಿಯಾಗಿತ್ತು, ಸುಮ್ನಿದ್ದೆ. ಯಾರೂ ಇಷ್ಟು ಕಚ್ಚಿಸ್ಕೊಳ್ಳೋದು ಮುದುಕನಿಗೋಸ್ಕರ ಅಲ್ಲ ಅಂತಾನೂ ಗೊತ್ತಿತ್ತು." ಟೆಕೀ ಹಗ್ಗ ಎತ್ತಿಕೊಂಡು ಮನೆಯ ಹಿಂದೆ ಹೋದ.

ಅವಳು ತನ್ನ ಉಡುಗೆಯ ಅಂಚು ಹರಿದು ಅವನ ಬೆರಳಿಗೆ ಸುತ್ತಿದಳು. "ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನಿಮ್ಮಪ್ಪನ ಕೈಗುಣ ಹೋಗಿದೆ ಅಂದ ಹಾಗಾಗ್ತಿತ್ತು. ಆಮೇಲೆ... ನೀನಂದ್ರೆ ಇಷ್ಟ ಅಂತಾನೂ ಹೇಳ್ಬೇಕಾಗ್ತಿತ್ತು."

ಅವಳು ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

"ಕಚ್ತೀಯಾ?" ಎಂದ ಅವನು, ಕೈ ಬಿಡಿಸಿಕೊಳ್ಳದೆ.

"ಹಾವುಮೀನಿನ ಜೊತೆ ಇಷ್ಟು ಒಡನಾಡಿದೀಯ, ಅಷ್ಟೂ ತಿಳಿಯಲ್ವಾ?" ಅವಳು ಅವನ ಭುಜಕ್ಕೆ ಹಣೆ ಒತ್ತಿದಳು. "ಉಸಿರಾಡ್ತಾ ಇದೀನಿ."