ಈ ಮನೆ ಸಿಂಗರಿಸಿದವಳು ನಾನು!

"ಯಾರ್ರೀ ಇದನ್ನ ಉಜ್ಜಿದ್ದು?"

ಹರ್ಷಿತಾಳ ಕೂಗಿಗೆ ಅಲ್ಲಾಳಸಂದ್ರದ ಆ ಹೊಸ ಮನೆ ಗದಗುಟ್ಟಿತು. ಏಣಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವನು ತಲೆಯೆತ್ತಿದ. ಕೈತುಂಬ ಹುಣಸೆಹಣ್ಣು, ಮುಖದ ತುಂಬ ನಗು!

"ನಾನೇ ಕಣ್ರೀ. ನಾಳೆ ಗೃಹಪ್ರವೇಶ ಅಲ್ವಾ? ಹೆಂಗೆ ಫಳಫಳ ಅಂತಿದೆ ನೋಡಿ!"

ಅಯ್ಯೋ ದೇವರೇ...

ಆ ಹಿತ್ತಾಳೆ ತೂಗುದೀಪದ ಮಂಕು ಬಣ್ಣಕ್ಕಾಗಿಯೇ ಅವಳು ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿದ್ದಳು. ಹಸಿರು ವೆಲ್ವೆಟ್ ಸೋಫಾ, ಹೂಬಳ್ಳಿ ಕೆತ್ತಿದ ಚೌಕಟ್ಟಿನ ದೊಡ್ಡ ಕನ್ನಡಿ, ಕಪ್ಪು-ಬಿಳಿ ಚೌಕಳಿಯ ನೆಲ... ಹಳೇ ಬಂಗಲೆಗಳ ವೈಭವವೆಲ್ಲ ಇಲ್ಲಿ ಕಾಣಬೇಕೆಂಬ ಹಟ ಅವಳದು.

ಇಷ್ಟು ವರ್ಷ ಒಳಾಂಗಣ ವಿನ್ಯಾಸಕಿಯಾಗಿ ಅವಳು ಸಿಂಗರಿಸಿದ ಮನೆಗಳಲ್ಲೆಲ್ಲ ಮೆರೆದದ್ದು ಬಾಸ್ ಹೆಸರು. ರೋಸಿಹೋಗಿ ಕೆಲಸ ಬಿಟ್ಟಿದ್ದಳು. ಇದು ಅವಳು ಸ್ವಂತ ಹೆಸರಿನಲ್ಲಿ ಸಿಂಗರಿಸಿದ ಮೊದಲ ಮನೆ. ಅದಕ್ಕೆ ಈ ಮಹಾಶಯ ಹುಣಸೆಹಣ್ಣು ಹಚ್ಚಿದ್ದ!

"ಬುದ್ಧಿ ಇದೆಯಾ ನಿಮಗೆ? ಅದೇನು ಕೊಳೆ ಅಂದ್ಕೊಂಡ್ರಾ?"

ಅವನು ಯೋಗಾನಂದ, ಮನೆಯೊಡತಿ ಶಿಲ್ಪಳ ಅಣ್ಣ. ರಾಜಾನುಕುಂಟೆಯಲ್ಲಿ ಗಿಡಗಳ ನರ್ಸರಿ ಇಟ್ಟಿದ್ದವನು. ಅವನ ನಗು ಇಳಿದುಹೋಯಿತು.

"ಮಂಕು ಹಿತ್ತಾಳೆ ಕಂಡ್ರೆ ನಮ್ಮ ನೆಂಟ್ರು ನನ್ನ ತಂಗೀನ ಸೋಮಾರಿ ಅಂತ ಆಡ್ಕೋತಾರೆ ಕಣ್ರೀ. ಅದಕ್ಕೇ... ಸಾರಿ."

ಅವಳ ಸಿಟ್ಟು ಅರ್ಧ ಇಳಿಯಿತು. ಪೂರ್ತಿ ಇಳಿಯುವಂಥ ಹೆಣ್ಣಲ್ಲ ಬಿಡಿ!

ಅಂದು ಸಂಜೆಯವರೆಗೂ ಅವನೇ ಏಣಿ ಹಿಡಿದ. ಕನ್ನಡಿ ಕಿಟಕಿಗೆ ಎದುರಾಗಿ ಯಾಕೆ ಎಂದು ಕೇಳಿದ. ಬಿಸಿಲು ಅದಕ್ಕೆ ಬಿದ್ದು ಇಡೀ ಹಾಲ್ ಬೆಳಗುತ್ತೆ ಎಂದಳು.

"ಇದೆಲ್ಲಾ ನಿಮ್ಮ ತಲೆಗೆ ಹೆಂಗ್ರೀ ಹೊಳೆಯುತ್ತೆ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. 'ಛೀ, ಬೆಳಗ್ಗೆ ನಾನೇ ಬೈದವನನ್ನ ಈಗ ಕದ್ದು ನೋಡ್ತಿದೀನಲ್ಲ!' ಎಂದುಕೊಂಡರೂ ಮತ್ತೊಮ್ಮೆ ನೋಡಿದಳು.

ಮರುದಿನ ಮನೆ ತುಂಬ ನೆಂಟರು. ಊಟದ ಪಂಕ್ತಿಯಲ್ಲಿ ಸೋದರತ್ತೆ ಮುನಿಕೆಂಪಮ್ಮ ಗಟ್ಟಿಯಾಗಿ ಹೊಗಳಿದಳು.

"ಅರಮನೆ ಇದ್ದಂಗೈತೆ! ಎಲ್ಲಾ ನಮ್ಮ ಯೋಗನೇ ಮಾಡ್ಸಿರೋದು. ಎಂಗ್ ಮಾಡ್ಸವ್ನೆ ನೋಡ್ರವ್ವ!"

ಯೋಗಾನಂದ ಬಾಯ್ತುಂಬ ಹೋಳಿಗೆ ಇಟ್ಟುಕೊಂಡು ತಲೆದೂಗಿದ! ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಹರ್ಷಿತಾ ಎಲೆ ಬಿಟ್ಟು ಎದ್ದಳು. ಅವನು ಗೇಟಿನವರೆಗೂ ಓಡಿಬಂದ.

"ಬಾಯಲ್ಲಿ ಹೋಳಿಗೆ ಇತ್ತು ಕಣ್ರೀ..."

"ಮನಸ್ಸಲ್ಲಿ ಏನಿತ್ತು? ಪುಕ್ಕಟೆ ಹೊಗಳಿಕೆ ಸಿಹಿಯಾಗಿತ್ತಾ? ನನ್ನ ಬಾಸೂ ಹಿಂಗೇ ನಗ್ತಿದ್ರು!"

ಅವನಿಗೆ ಅದು ನಿಜಕ್ಕೂ ಸಿಹಿಯಾಗಿತ್ತು. ಆಟೋದಲ್ಲಿ ಕೂತವಳು ದಾರಿಯುದ್ದಕ್ಕೂ ಅತ್ತಳು.

ಅವನ ಫೋನ್ ಎತ್ತಲಿಲ್ಲ. ಮುಂದೆ ಅವನು ಫೋನ್ ಮಾಡುವುದನ್ನೇ ನಿಲ್ಲಿಸಿದಾಗ ಅದಕ್ಕೂ ಸಿಟ್ಟು ಬಂತು! 'ಅಷ್ಟೇನಾ ಇವನ ಪಶ್ಚಾತ್ತಾಪ?'

ಒಂದು ಮಧ್ಯಾಹ್ನ ಆರ್.ಟಿ. ನಗರದ ಅವಳ ಪುಟ್ಟ ಆಫೀಸಿನ ಬಾಗಿಲಲ್ಲಿ ಯೋಗಾನಂದ ನಿಂತಿದ್ದ. ಬಿಸಿಲಿಗೆ ಕಪ್ಪಾಗಿದ್ದ.

"ಫೋನಲ್ಲಿ ಹೇಳಿದ್ರೆ ಮರ್ಯಾದೆ ಅಲ್ಲ ಅಂತ ಬ್ಯಾಟರಾಯನಪುರದಿಂದ ದೊಡ್ಡಬಳ್ಳಾಪುರದ ತನಕ ನೆಂಟರ ಮನೆಗೆಲ್ಲಾ ಹೋಗ್ಬಂದೆ. ಮನೆ ಸಿಂಗರಿಸಿದ್ದು ನಾನಲ್ಲ, ಹರ್ಷಿತಾ ಅಂತ ಒಬ್ಬೊಬ್ಬರಿಗೂ ಹೇಳ್ದೆ."

ಅವಳ ಕಣ್ಣು ತುಂಬಿ ಬಂತು. ತನ್ನ ಹೆಸರು... ಮನೆಮನೆಯಲ್ಲೂ!

"ಆದ್ರೆ ಒಂದು ಎಡವಟ್ಟಾಗಿದೆ..."

"ಇನ್ನೇನ್ರೀ?"

"ಮದುವೆ ವಯಸ್ಸಿನ ಗಂಡು ಒಂದು ಹುಡುಗಿ ಹೆಸರು ಹೇಳ್ಕೊಂಡು ಮನೆಮನೆ ತಿರುಗಿದ್ರೆ ನಮ್ಮೋರು ಏನು ತಿಳ್ಕೋತಾರೆ? ಅತ್ತೆ ಆಗ್ಲೇ ಸೀರೆ ನೋಡ್ತಿದ್ದಾರೆ..."

"ಏನು?! ನನ್ನನ್ನ ಕೇಳದೇನೇ? ನೀವು ಇಲ್ಲ ಅನ್ನಲಿಲ್ವಾ?"

"ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ." ಅವನು ಒಂದು ಹೆಜ್ಜೆ ಒಳಗೆ ಬಂದ. "ಆವತ್ತು ಬಾಯಿ ಬಿಡಬೇಕಾದಾಗ ಬಿಡಲಿಲ್ಲ. ಇವತ್ತು ಬಿಡ್ತೀನಿ. ನನಗೆ ನೀವಂದ್ರೆ ಇಷ್ಟ ಹರ್ಷಿತಾ. ನಿಮ್ಮ ಸಿಟ್ಟೂ ಇಷ್ಟ. ನನ್ನನ್ನ ಮದುವೆ ಆಗ್ತೀರಾ?"

ಅವಳು ಕಣ್ಣೊರೆಸಿಕೊಂಡಳು. ಮೂಗು ಇನ್ನೂ ಕೆಂಪಗಿತ್ತು.

"ಆಗ್ತೀನಿ. ಆದ್ರೆ ಈ ಸುದ್ದಿ ನೆಂಟರಿಗೆ ನಾನೇ ಹೇಳೋದು!"

"ನಾನೇನು ಮಾಡ್ಲಿ?"

"ಪಕ್ಕದಲ್ಲಿ ನಿಂತ್ಕೊಂಡು, ಹೌದು ಅನ್ನಿ."

"ಹೌದು," ಎಂದ ಯೋಗಾನಂದ, ಆಗಲೇ ಅವಳ ಪಕ್ಕಕ್ಕೆ ಬಂದು ನಿಂತು.