ಬಲೆ ಕೈಲಿದ್ದಾಗ

ಟಕ್.

ಮರಕ್ಕೆ ಮರ ತಾಗಿದಂಥ ಸಣ್ಣ ಸದ್ದು. ಮಧುಶ್ರೀ ಹುಟ್ಟು ಹಾಕುವುದನ್ನು ನಿಲ್ಲಿಸಿದಳು. ಸದ್ದೂ ನಿಂತಿತು.

ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಕಪಿಲಾ ನದಿಯ ಮೇಲೆ ಮಂಜು ಕವಿದಿತ್ತು. ಒಬ್ಬರೇ ಕೂರುವಂಥ, ಗಾಳಿ ತುಂಬಿದ ಅವಳ ಹಳದಿ ಕಯಾಕ್ ದೋಣಿ ನಿಶ್ಚಲ ನೀರಿನಲ್ಲಿ ತಾನಾಗಿ ಮುಂದೆ ತೇಲಿತು.

ಟಕ್.

ಹಿಂದೆ ಯಾರೋ ಇದ್ದಾರೆ...

“ಯಾರು?” ಎಂದಳು. ಉತ್ತರ ಬರಲಿಲ್ಲ.

ಒಬ್ಬಳೇ ಬರಬಾರದಿತ್ತು. ನರಸೀಪುರದಲ್ಲಿ ಅವಳು ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದಳು. ಈ ಬೆಳಿಗ್ಗೆ ಗುಡಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಮಡಚಿದ ಕಯಾಕನ್ನು ಚೀಲದಲ್ಲಿಟ್ಟುಕೊಂಡು ಹೊರಟಿದ್ದಳು. ತಾನು ಪೂರ್ತಿ ಹೇಡಿಯಲ್ಲ ಎಂದು ತನಗೇ ತೋರಿಸಿಕೊಳ್ಳಬೇಕಿತ್ತು.

ಇಪ್ಪತ್ತೊಂದು ದಿನಗಳ ಹಿಂದೆ ಇದೇ ದಡದಲ್ಲಿ ನಿಂತು ಅವಳು ಬದುಕಿನ ಅತಿ ಧೈರ್ಯದ ಮಾತು ಆಡಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ, ಭಾನುವಾರ ಅಪ್ಪ ಕರಿಯಯ್ಯನ ಜೊತೆ ಮೀನಿನ ಬಲೆಗೆ ಹೋಗುವ ಚೆಲುವರಾಜುವನ್ನು, “ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ. ನಿಮಗೆ ಇಷ್ಟ ಇದೆಯಾ?” ಎಂದು ಕೇಳಿದ್ದಳು, ಕಾಲ ಬಳಿಯ ಕಲ್ಲನ್ನೇ ನೋಡುತ್ತ. ಅಪ್ಪನ ಜೊತೆ ತೆಪ್ಪದಲ್ಲಿ ನಿಂತಿದ್ದ ಅವನು ಒಂದೇ ಒಂದು ಮಾತಾಡಲಿಲ್ಲ.

ಅವಳು ಹೊರಟುಬಂದಳು. ಅವನ ನಂಬರ್ ಬ್ಲಾಕ್ ಮಾಡಿದಳು. ಅವನು ಎರಡು ಸಲ ಲೈಬ್ರರಿಗೆ ಬಂದಾಗಲೂ ಕಪಾಟಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಇಲ್ಲ ಎಂಬ ಮಾತನ್ನು ಕಿವಿಯಾರೆ ಕೇಳುವ ಶಕ್ತಿ ಅವಳಿಗಿರಲಿಲ್ಲ.

ಟಕ್. ಈಗ ಸದ್ದು ಹತ್ತಿರದಲ್ಲಿತ್ತು.

ಮಂಜಿನೊಳಗಿಂದ ಒಂದು ತೆಪ್ಪ ಮೂಡಿತು, ಅದರ ಹುಟ್ಟು ಅಂಚಿಗೆ ತಾಗಿ ಟಕ್ ಎನ್ನುತ್ತಿತ್ತು. ಅದರಲ್ಲಿ, ತಲೆ ಮುಖಕ್ಕೆ ಟವೆಲ್ ಸುತ್ತಿದ ಒಬ್ಬ ಗಂಡಸು. ಮಾತಿಲ್ಲ. ಕೈ ಮಾತ್ರ ಬೀಸುತ್ತಿದ್ದ, ನಿಲ್ಲು ಎನ್ನುವಂತೆ.

ನಿಲ್ಲುವುದೇ! ಅವಳು ಜೋರಾಗಿ ಹುಟ್ಟು ಹಾಕಿದಳು. ತೇಲುತ್ತಿದ್ದ ಖಾಲಿ ಬಾಟಲಿಗಳ ಸಾಲು ಪಕ್ಕದಲ್ಲಿ ಸರಿಯಿತು. ಮರುಕ್ಷಣ ಕಯಾಕ್ ತಳದಲ್ಲಿ ಏನೋ ಹಿಡಿದು ಎಳೆದಂತಾಯಿತು. ಎಳೆದಷ್ಟೂ ಹುಟ್ಟಿಗೆ ನೂಲು ಸುತ್ತಿತು. ದೋಣಿ ಒಂದು ಕಡೆಗೆ ವಾಲಿ, ತಣ್ಣನೆಯ ನೀರು ಮಡಿಲಿಗೆ ನುಗ್ಗಿತು.

“ಮಧು ಅವ್ರೆ, ಹುಟ್ಟು ಬಿಡಿ! ನೀರಿಗೆ ಬಿದ್ರೆ ಬಲೆ ಕಾಲಿಗೆ ಸುತ್ಕೊಳ್ತದೆ. ಅಲ್ಲಾಡಬೇಡಿ!”

ಆ ದನಿ!

ಅವಳು ಹುಟ್ಟು ಬಿಟ್ಟಳು. ಚೆಲುವರಾಜು ತೆಪ್ಪವನ್ನು ಕಯಾಕಿಗೆ ಒತ್ತಿ ನಿಲ್ಲಿಸಿ, ಚಾಕುವಿನಿಂದ ಬಲೆಯನ್ನು ಕೊಯ್ದ. ಆ ಬಾಟಲಿಗಳು ತೇಲಿಸಿ ಹಿಡಿದಿದ್ದ, ಅವನ ಅಪ್ಪನ ಹೊಸ ಬಲೆ. ಅವಳನ್ನು ತೆಪ್ಪಕ್ಕೆ ಎಳೆದುಕೊಂಡು, ಕಯಾಕನ್ನು ಹಗ್ಗದಿಂದ ಹಿಂದಕ್ಕೆ ಕಟ್ಟಿದ.

“ಕೂಗಿದಾಗ ಯಾಕೆ ಓಗೊಡಲಿಲ್ಲ?” ಅವಳ ಹಲ್ಲುಗಳು ಕಟಕಟಿಸುತ್ತಿದ್ದವು.

“ಅರ್ಧ ಬಲೆ ಎತ್ತಿದ್ದೆ. ಬಲೆ ಕೈಲಿದ್ದಾಗ ಬಾಯಿ ಬಿಡಬಾರ್ದು, ಮೀನು ಚೆದುರ್ತವೆ ಅಂತ ಅಪ್ಪನ ಕಟ್ಟಲೆ. ಅವ್ರಿಗೆ ಜ್ವರ, ಇವತ್ತು ನಾನೊಬ್ನೇ. ಆದ್ರೂ ಅಭ್ಯಾಸ.”

“ಹಾಗಾದ್ರೆ... ಅವತ್ತು?”

“ಅವತ್ತೂ ಬಲೆ ಕೈಲೇ ಇತ್ತು. ಪಕ್ಕದಲ್ಲಿ ಅಪ್ಪ ಬೇರೆ. ಬಲೆ ಒಳಗಾಕಿ ತಿರುಗಿ ನೋಡ್ತೀನಿ, ನೀವೇ ಇಲ್ಲ.”

“ತಲೆನಾದ್ರೂ ಆಡಿಸಬಹುದಿತ್ತು!”

“ಆಡಿಸ್ದೆ ಕಣ್ರೀ. ಮೂರು ಸಲ. ನೀವು ಕಲ್ಲು ನೋಡ್ಕೊಂಡು ಮದುವೆ ಕೇಳ್ತಿದ್ರಿ.”

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. ಇಪ್ಪತ್ತೊಂದು ದಿನ... ಒಂದು ಸಲ ತಲೆ ಎತ್ತಿದ್ದರೆ ಸಾಕಿತ್ತು.

ಈಗ ತಲೆ ಎತ್ತಿದಳು. ಅವನು ಮೆಲ್ಲಗೆ, ನಾಲ್ಕನೇ ಸಲ ತಲೆಯಾಡಿಸಿದ.

“ಬಲೆ ಬಗ್ಗೆ ನಿಮ್ಮಪ್ಪನಿಗೇನು ಹೇಳ್ತೀರಿ?”

“ಮೊಸಳೆ ಹರಿದಾಕ್ತು ಅಂತೀನಿ.”

“ಇಲ್ಲಿ ಮೊಸಳೆ ಇದೆಯಾ?” ಅವಳು ನೀರಿಗೆ ಇಳಿಬಿಟ್ಟಿದ್ದ ಕೈಯನ್ನು ತಟ್ಟನೆ ಒಳಗೆಳೆದುಕೊಂಡಳು. ಅವನು ಆ ಕೈಯನ್ನು ಹಿಡಿದುಕೊಂಡ, ಬಿಡಲಿಲ್ಲ.

ದಡ ಕಾಣುತ್ತಿತ್ತು. ಒದ್ದೆ ಬಟ್ಟೆಗೆ ದೊಡ್ಡಮ್ಮನ ಮುಂದೆ ಒಂದು ನೆಪ ಹೇಳಬೇಕು. ಗುಡಿಗೆ ಹೋಗುವ ಮುನ್ನ ಹೊಳೆಯಲ್ಲಿ ಮುಳುಗಿ ಎದ್ದೆ ಎಂದರಾಯಿತು. ಕಾಲಿನ ಕೆಳಗೆ ಹಿಡಿದೆಳೆದ ಆ ಬಲೆಯ ವಿಷಯವನ್ನು ಯಾರಿಗೂ, ಎಂದಿಗೂ ಹೇಳುವುದಿಲ್ಲ ಎಂದು ಅವಳು ನಿರ್ಧರಿಸಿದಳು.

“ಇವತ್ತಿಂದು ಯಾರಿಗೂ ಹೇಳಬೇಡಿ,” ಎಂದಳು.

“ಇಷ್ಟ ಇದೆ ಅನ್ನೋದನ್ನೂನಾ?”

“ಅದನ್ನ ನಮ್ಮಪ್ಪನಿಗೆ ಹೇಳಿ. ಬಲೆ ಮನೇಲಿಟ್ಟು ಬನ್ನಿ.”